ಎಸ್ಸೆಸ್ಸೆಲ್ಸಿ ಅನ್ನೋರೇ ‘ಬಿಡಿಸಿ ಹೇಳು’ ಅಂತಾರೆ!

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ನನ್ನ ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಗೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬಂದಿದೆ ಅಂತ ಹಿಂದೆ ಒಮ್ಮೆ ಬರೆದಿದ್ದೆ. ಆಗ ಖುಷಿಯಲ್ಲೇ ಬರೆದಿದ್ದೆ. ನೋಟ್ಸ್ ಝೆರಾಕ್ಸ್‌ಗೆ ಗಿರಾಕಿ ಜಾಸ್ತಿ ಆಗ್ತಾರೆ ಅನ್ನೋ ಸ್ವಾರ್ಥ. ಗಿರಾಕಿ ಬಂದರು, ಸುಳ್ಳು ಹೇಳಲ್ಲ. ಆದರೆ ಅದರ ಜೊತೆಗೆ ದಿನಾ ಸಂಜೆ ಎರಡು ತಾಸು ಮೇಲಿನಿಂದ ಈ ಕೋರಸ್ ಕೇಳಬೇಕಾಗಿದೆ.

‘ಐ. ಆಮ್. ಗೋಯಿಂಗ್. ಟು. ದ. ಮಾರ್ಕೆಟ್.’

ಒಂದೊಂದು ಪದಕ್ಕೂ ಒಂದೊಂದು ಫುಲ್‌ಸ್ಟಾಪ್. ಗಂಜ್ ಮಾರ್ಕೆಟ್ಟಿನಲ್ಲಿ ಹಮಾಲರು ಲಾರಿಯಿಂದ ತೊಗರಿ ಚೀಲ ಇಳಿಸಿದ ಹಾಗೆ. ಒಂದು ಬಿತ್ತು, ಸುಧಾರಿಸಿಕೋ, ಇನ್ನೊಂದು ಬಿತ್ತು. ನಡುನಡುವೆ ಸರ್ ದನಿ: ‘ಬಿಡಿಸಿ ಹೇಳ್ರಿ! ಬಿಡಿಸಿ!’

ನಿನ್ನೆ ಆರೂವರೆಗೆ ಒಬ್ಬ ಹುಡುಗಿ ಕೆಳಗಿಳಿದು ಬಂದಳು. ಫರಹತಾಬಾದ್ ಕಡೆಯವಳು, ಪಿಯುಸಿ ಮೊದಲ ವರ್ಷ. ಆಧಾರ್ ಕಾರ್ಡ್ ಝೆರಾಕ್ಸ್ ಬೇಕು ಅಂದಳು. ಕಣ್ಣು ಕೆಂಪಗಿತ್ತು. ಏನಾಯ್ತವ್ವಾ ಅಂದೆ. ಮೊದಲು ಏನಿಲ್ಲರಿ ಅಂದಳು. ಆಮೇಲೆ ತಾನೇ ಹೇಳಿದಳು. ಊರಿಂದ ಕಲಬುರಗಿಗೆ ಬರೋಕೆ ಎಷ್ಟು ಹೊತ್ತು ಅಂತ ಸರ್ ಇಂಗ್ಲಿಷಿನಲ್ಲಿ ಕೇಳಿದ್ದಾರೆ. ಇವಳು ‘ಇಟ್ ಟೇಕ್ಸ್ ಹಾಫನವರ್’ ಅಂದಿದ್ದಾಳೆ. ಮೊಬೈಲ್‌ನಲ್ಲಿ ನೋಡಿ ನೋಡಿ ಕಲಿತದ್ದಂತೆ. ಸರ್ ಎಲ್ಲರ ಮುಂದೆ ನಿಲ್ಲಿಸಿ, ‘ಬಾಯಾಗ ಬೆಲ್ಲ ಇಟ್ಕೊಂಡಿ ಏನು? ಬಿಡಿಸಿ ಹೇಳು’ ಅಂತ ಐದು ಸಲ ಹೇಳಿಸಿದ್ದಾರೆ. ಹಾಫ್. ಆ್ಯನ್. ಹವರ್.

‘ಅಕ್ಕಾ, ನಾ ಹೇಳಿದ್ದು ತಪ್ಪೇನ್ರಿ?’

ತಪ್ಪಲ್ಲ ಮಾರಾಯ್ತಿ! ಆ ಕ್ಲಾಸಿನಲ್ಲಿ ಸರಿ ಹೇಳಿದ್ದು ನೀನೊಬ್ಬಳೇ! ‘ಹವರ್’ ಅನ್ನೋ ಪದವೇ ಇಲ್ಲ. ಬರೆಯೋವಾಗ ಹೆಚ್ ಇದೆ, ಹೇಳೋವಾಗ ಇಲ್ಲ, ಅದು ‘ಅವರ್’. ಹಿಂದೆ ‘ಆ್ಯನ್’ ಬಂದಿರೋದೇ ಅದಕ್ಕೆ. ಹ ಉಚ್ಚಾರ ಮಾಡೋದಾದರೆ ‘ಆ್ಯನ್’ ಯಾಕೆ ಬೇಕು? ಅರೆತಿಂಗಳಲ್ಲೇ ಫೀಸು ಪೂರ್ತಿ ವಸೂಲಿ ಮಾಡುವವರಿಗೆ ಇಷ್ಟು ಗೊತ್ತಿರಬೇಡವಾ?

ನನ್ನ ಬೆಂಗಳೂರು ಪುರಾಣ ನಿಮಗೆಲ್ಲ ಗೊತ್ತು. ಆರು ವರ್ಷ ರಾತ್ರಿ ಪಾಳಿ, ಕಿವಿಗೆ ಹೆಡ್‌ಸೆಟ್, ಆ ಕಡೆ ಅಮೆರಿಕ. ಆದರೆ ಈ ಒಂದು ಕಥೆ ಯಾರಿಗೂ ಹೇಳಿಲ್ಲ. ಸೇರಿದ ಎರಡನೇ ತಿಂಗಳು. ಒಬ್ಬ ವಯಸ್ಸಾದ ಗಿರಾಕಿ ದುಡ್ಡು ವಾಪಸ್ ಬೇಕು ಅಂದ. ನಿಯಮದ ಪ್ರಕಾರ ಕೊಡಬಹುದಿತ್ತು. ನಾನು ಬಲು ಹುರುಪಿನಲ್ಲಿ, ಬಿಡಿಸಿ ಬಿಡಿಸಿ, ‘ಐ. ಕ್ಯಾನ್. ಡೂ. ದಟ್’ ಅಂದೆ. ಆತ ‘ವೈ ನಾಟ್?’ ಅಂದ. ನನಗೆ ಅರ್ಥ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ‘ಐ ಕ್ಯಾನ್!’ ಅಂದೆ. ಆತ ಇನ್ನೂ ಸಿಟ್ಟಾದ. ನಾನು ಆಗುತ್ತೆ ಆಗುತ್ತೆ ಅಂತಿದ್ದೇನೆ, ಆತ ಯಾಕಾಗಲ್ಲ ಯಾಕಾಗಲ್ಲ ಅಂತ ಕೂಗುತ್ತಿದ್ದಾನೆ. ಕೊನೆಗೆ ಫೋನ್ ಇಟ್ಟ. ಮರುದಿನ ಆ ಕರೆಯನ್ನು ಎಲ್ಲರ ಮುಂದೆ ಹಾಕಿ ಕೇಳಿಸಿದರು. ಇಪ್ಪತ್ತು ಜನ ನಕ್ಕರು.

ತರಬೇತಿ ಕೊಡುತ್ತಿದ್ದ ಮಂಗಳೂರಿನ ಮೇಡಂ ಮಾತ್ರ ನಗಲಿಲ್ಲ. ಹತ್ತಿರ ಕೂರಿಸಿಕೊಂಡು ಹೇಳಿದರು. ಅಮೆರಿಕದವರ ಮಾತಿನಲ್ಲಿ ‘ಆಗುತ್ತೆ’ ಅನ್ನೋ ‘ಕ್ಯಾನ್’ ವಾಕ್ಯದ ನಡುವೆ ಕುಗ್ಗಿ ಬರೀ ‘ಕನ್’ ಆಗುತ್ತೆ. ಒತ್ತು ‘ಡೂ’ ಮೇಲೆ ಬೀಳುತ್ತೆ. ‘ಆಗಲ್ಲ’ ಅನ್ನೋದು ಮಾತ್ರ ಪೂರ್ತಿ ಬಾಯಿ ತೆರೆದು ‘ಕ್ಯಾಂಟ್’ ಅಂತ ಬರುತ್ತೆ. ಅದರ ಕೊನೆಯ ‘ಟ್’ ಎಷ್ಟೋ ಸಲ ಗಂಟಲಲ್ಲೇ ಉಳಿಯುತ್ತೆ. ಹಾಗಾಗಿ ನಾನು ಒತ್ತಿ ಒತ್ತಿ ‘ಕ್ಯಾನ್’ ಅಂದಷ್ಟೂ ಆ ಮುದುಕನಿಗೆ ‘ಆಗಲ್ಲ’ ಅಂತಲೇ ಕೇಳಿಸಿದೆ. ಬಿಡಿಸಿ ಹೇಳಿದ್ದಕ್ಕೇ ಕೆಟ್ಟಿತ್ತು.

ಆ ವಾರ ಅವರು ಪದಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಂತ ಪಾಠ ಶುರು ಮಾಡಿದರು. ‘ಗೋ ಆನ್’ ಅನ್ನೋದು ‘ಗೋವಾನ್’. ‘ಡೂ ಇಟ್’ ಅನ್ನೋದು ‘ಡೂವಿಟ್’. ‘ಸೀ ಇಟ್’ ಅನ್ನೋದು ‘ಸೀಯಿಟ್’. ಪಕ್ಕದಲ್ಲಿದ್ದ ಕಾನ್ವೆಂಟ್ ಹುಡುಗಿಯರು ಕಷ್ಟಪಟ್ಟು ಬರೆದುಕೊಳ್ಳುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಇದು ಎಂಟನೇ ಕ್ಲಾಸಿನ ಸಂಧಿ ಅಲ್ವಾ! ಗುರು ಪ್ಲಸ್ ಅನ್ನು ಗುರುವನ್ನು, ವಕಾರಾಗಮ. ಕೆರೆ ಪ್ಲಸ್ ಅನ್ನು ಕೆರೆಯನ್ನು, ಯಕಾರಾಗಮ. ಇಂಗ್ಲಿಷಿನವರದ್ದೂ ಅದೇ ಲೆಕ್ಕ. ಊ, ಓ ಮುಗಿದ ಮೇಲೆ ಸ್ವರ ಬಂದರೆ ವಕಾರ ನುಸುಳುತ್ತೆ, ಈ, ಐ ಮುಗಿದ ಮೇಲೆ ಬಂದರೆ ಯಕಾರ. ಅವರ ವಕಾರಕ್ಕೆ ತುಟಿ ದುಂಡಗೆ ಮಾಡಬೇಕು, ಹಲ್ಲು ತಾಗಬಾರದು, ಅಷ್ಟೇ. ‘ನೆಕ್ಸ್ಟ್ ಡೇ’ ನಡುವಿನ ‘ಟ್’ ಹೋಗಿ ‘ನೆಕ್ಸ್‌ಡೇ’ ಆದರೆ ಅಲ್ಲೂ ಒಂದು ಲೋಪ. ನಮ್ಮಲ್ಲಿ ಸ್ವರ ಹೋಗುತ್ತೆ, ಅವರಲ್ಲಿ ವ್ಯಂಜನ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆದಾಗ ತ ಹೋಗಿ ದ ಬರಲಿಲ್ವಾ, ಆದೇಶ ಅಂತ? ಅಮೆರಿಕದವರು ‘ವಾಟರ್’ಗೆ ‘ವಾಡರ್’ ಅನ್ನೋದೂ ಹೆಚ್ಚುಕಡಿಮೆ ಅದೇ ಜಾತಿ. ಇಂಗ್ಲೆಂಡಿನಲ್ಲಿ ತುಂಬಾ ಜನ ‘ಐಡಿಯಾ ಆಫ್’ ಅನ್ನೋದಕ್ಕೆ ‘ಐಡಿಯರವ್’ ಅಂತಾರೆ. ಇಲ್ಲದ ‘ರ’ ಎಲ್ಲಿಂದ ಬಂತು? ಅವರಿಗೆ ರಕಾರಾಗಮ ಅಂತ ಒಂದು ಎಕ್ಸ್ಟ್ರಾ ಇದೆ, ಬಿಡಿ.

ನನ್ನ ನೋಟ್‌ಬುಕ್ಕಿನಲ್ಲಿ ಅವತ್ತು ಕನ್ನಡದಲ್ಲೇ ಲೋಪ, ಆಗಮ, ಆದೇಶ ಅಂತ ಮೂರು ಕಾಲಂ ಹಾಕಿದೆ. ನಮ್ಮೂರ ಶಾಲೆಯಲ್ಲಿ ಬೇವಿನ ಗಿಡದ ಕೆಳಗೆ ಕೂರಿಸಿ ಸಂಧಿ ಬಾಯಿಪಾಠ ಮಾಡಿಸಿದ ಮಾಸ್ತರು ನೆನಪಾದರು. ಅವರಿಗೆ ಒಂದಕ್ಷರ ಇಂಗ್ಲಿಷ್ ಸಲೀಸಾಗಿ ಬರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಕಲಿಸಿದ್ದು ಅವರೇ ಅಂತ ಈಗಲೂ ಹೇಳುತ್ತೇನೆ.

ಮತ್ತೆ ಮೇಲಿನ ಮಹಡಿಗೆ ಬರುತ್ತೇನೆ, ಸಿಟ್ಟು ಅಲ್ಲೇ ಇದೆ. ಬಿಡಿಸಿ ಹೇಳಿದಾಗ ಏನಾಗುತ್ತೆ ಗೊತ್ತಾ? ಪದದ ಕೊನೆಗೆ ನಿಂತ ತಕ್ಷಣ ನಮ್ಮ ನಾಲಿಗೆ ಒಂದು ‘ಉ’ ಸೇರಿಸುತ್ತೆ. ಬಸ್ಸು, ಪೆನ್ನು, ಬ್ಯಾಂಕು ಅಂತ ಹುಟ್ಟಿನಿಂದ ಬಂದ ರೂಢಿ. ಹಾಗೆ ‘ಹಾಫು. ಆ್ಯನು. ಹವರು.’ ಆಗುತ್ತೆ. ಪದದ ಶುರುವಿನಲ್ಲಿ ‘ಎ’ ಬಂದರೆ ಮುಂದೆ ಯಕಾರ ಹಚ್ಚುತ್ತೇವೆ, ‘ಯೆಗ್ಗು’ ಅಂತ. ಅದೇ ‘ಆ್ಯನ್ ಎಗ್’ ಅನ್ನೋದನ್ನು ಕೂಡಿಸಿ ‘ಅನೆಗ್’ ಅನ್ನಿ ನೋಡೋಣ. ಹಿಂದಿನ ಉಕಾರವೂ ಇಲ್ಲ, ಮುಂದಿನ ಯಕಾರವೂ ಇಲ್ಲ. ಎರಡು ರೋಗಕ್ಕೆ ಒಂದೇ ಔಷಧ. ‘ಬಿಡಿಸಿ ಹೇಳು’ ಅಂದಷ್ಟೂ ಎರಡೂ ವಾಪಸ್.

ಒಂದು ವಿಷಯ ನೋಡಿಕೊಳ್ಳಬೇಕು. ನಾವು ಕೂಡಿಸುವಾಗ ಒತ್ತಕ್ಷರ ಹಾಕಿಬಿಡುತ್ತೇವೆ, ‘ಗೆಟ್ಟಪ್’ ಅಂತ. ಅವರು ಹಾಗೆ ಒತ್ತಲ್ಲ, ‘ಗೆಟಪ್’ ಅಂತ ಹಗುರಾಗಿ ದಾಟಿಸುತ್ತಾರೆ. ಇದನ್ನು ಒಂದು ವಾರ ಹೇಳಿಕೊಟ್ಟರೆ ಮಕ್ಕಳಿಗೆ ಬರುತ್ತೆ.

ಪದ ಎಲ್ಲಿ ಮುಗೀತು ಅನ್ನೋದು ಇಂಗ್ಲಿಷಿನವರಿಗೇ ಒಂದು ಕಾಲಕ್ಕೆ ಗೊತ್ತಾಗಿಲ್ಲ. ‘ಏಪ್ರನ್’ ಅಂತೀವಲ್ಲ, ಅಡುಗೆ ಮಾಡುವಾಗ ಕಟ್ಟಿಕೊಳ್ಳೋದು, ಅದು ಮೊದಲು ‘ನೇಪ್ರನ್’ ಇತ್ತು. ‘ಅ ನೇಪ್ರನ್’ ಅಂತ ಕೂಡಿಸಿ ಹೇಳಿ ಹೇಳಿ, ಕೇಳಿದವರು ‘ಆ್ಯನ್ ಏಪ್ರನ್’ ಅಂತ ತಿಳಿದುಕೊಂಡರು. ‘ನಿಕ್‌ನೇಮ್’ ಕಥೆ ಉಲ್ಟಾ. ‘ಆ್ಯನ್ ಈಕ್‌ನೇಮ್’, ಅಂದರೆ ಇನ್ನೊಂದು ಹೆಸರು, ಅಂತ ಇದ್ದದ್ದರ ನಕಾರ ಈ ಕಡೆ ಜಾರಿತು. ಅವರ ಡಿಕ್ಷನರಿಯೇ ಹೀಗೆ ಕೂಡಿಸಿ ಹೇಳಿದ್ದರ ಮೇಲೆ ನಿಂತಿದೆ. ನಮ್ಮ ಹುಡುಗಿ ಮಾತ್ರ ಬಾಯಲ್ಲಿ ಬೆಲ್ಲ ಇಟ್ಟುಕೊಂಡಿದ್ದಾಳೆ.

ಈಗ ಕಾಮೆಂಟಿಗೆ ಬರೋರು ಗೊತ್ತು. ನಮ್ಮ ಕಾಕಾ ಮೊದಲು. ‘ನಾವೇನು ಇಂಗ್ಲೆಂಡಿನವರಾ? ನಮ್ಮ ಇಂಗ್ಲಿಷ್ ನಮಗೆ. ಅರ್ಥ ಆದ್ರ ಸಾಕು.’ ಒಪ್ಪಿದೆ ಕಾಕಾ. ನಾಲಿಗೆ ಹೊರಳಿಸಿ ‘ವಾನಾ, ಗಾನಾ’ ಅನ್ನೋ ವೇಷ ನನಗೂ ಬೇಡ. ಆ ಕ್ಲಾಸಿನ ಫ್ಲೆಕ್ಸ್ ಮೇಲೆ ಲಂಡನ್ ಗಡಿಯಾರ ಗೋಪುರ ಹಾಕಿದ್ದಾರೆ, ಅದನ್ನು ನೋಡಿದರೆ ನನಗೂ ನಗು ಬರುತ್ತೆ. ಆದರೆ ‘ಅರ್ಥ ಆದ್ರ ಸಾಕು’ ಅಂತೀರಲ್ಲ, ಯಾರಿಗೆ? ನೀವು ಹೇಳಿದ್ದು ಅವರಿಗೆ ಅರ್ಥ ಆಗಬಹುದು. ಅವರು ಹೇಳಿದ್ದು ನಿಮಗೆ?

ಹೋದ ತಿಂಗಳು ಒಬ್ಬ ಡಿಪ್ಲೊಮಾ ಹುಡುಗ ಅಂಗಡಿಯಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಅಂತ ಇಲ್ಲೇ ಕೂತು ಪುಣೆಯ ಕಂಪನಿಗೆ ಫೋನ್ ಇಂಟರ್‌ವ್ಯೂ ಕೊಟ್ಟ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅನ್ನೋ ಪ್ರಶ್ನೆಗೆ ಉತ್ತರವನ್ನು ಮೂರು ತಿಂಗಳು ಉರು ಹೊಡೆದಿದ್ದ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದ. ಆ ಕಡೆಯವರು ‘ಟೆಲ್ ಅಸ್ ಅ ಬಿಟ್ ಅಬೌಟ್ ಯುವರ್‌ಸೆಲ್ಫ್’ ಅನ್ನೋದನ್ನು ಸರಾಗವಾಗಿ ಕೂಡಿಸಿ ‘ಟೆಲಸ ಬಿಡಬೌಚರ್‌ಸೆಲ್ಫ್’ ಅಂದರು. ಹುಡುಗ ‘ಸಾರಿ ಸರ್?’ ಅಂದ. ಇನ್ನೊಂದು ಸಲ ಅದೇ. ಮತ್ತೆ ‘ಸಾರಿ ಸರ್’. ಹಣೆ ಮೇಲೆ ಬೆವರು. ನಾನು ಹಾಳೆಯ ಮೇಲೆ ದಪ್ಪಗೆ ‘ನಿನ್ನ ಬಗ್ಗೆ ಹೇಳು ಅಂತಿದ್ದಾರೆ’ ಅಂತ ಬರೆದು ತೋರಿಸಿದೆ. ಅಷ್ಟರಲ್ಲಿ ಅವರು ಥ್ಯಾಂಕ್ಯೂ ಅಂದುಬಿಟ್ಟರು. ಅವನಿಗೆ ಇಂಗ್ಲಿಷ್ ಬರುತ್ತಿತ್ತು ಕಾಕಾ. ಬಿಡಿಸಿದ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಬಾಯಿ ಕೂಡಿಸದಿದ್ದರೆ ಕಿವಿಗೆ ಬಿಡಿಸೋಕೆ ಬರಲ್ಲ.

ಇನ್ನು ನನ್ನ ಪಾಪ. ಬೆಂಗಳೂರಿನಿಂದ ವಾಪಸ್ ಬಂದ ಹೊಸದರಲ್ಲಿ, ಅಂಗಡಿ ಹಾಕುವ ಮುಂಚೆ, ನಾನೂ ಎಂಟು ತಿಂಗಳು ಇಂಥದ್ದೇ ಒಂದು ಕ್ಲಾಸಿನಲ್ಲಿ ಕಲಿಸಿದೆ. ಎಲ್ಲ ಗೊತ್ತಿದ್ದೂ ‘ಬಿಡಿಸಿ ಹೇಳು’ ಅಂದೆ. ಯಾಕಂದರೆ ಅದು ಸುಲಭ. ಬಾಗಿಲಲ್ಲಿ ನಿಂತ ಅಪ್ಪ ಅಮ್ಮನಿಗೆ ಒಂದೊಂದು ಪದ ಸ್ಪಷ್ಟ ಕೇಳಿಸುತ್ತೆ, ಮಗ ಕಲಿತ ಅಂತ ಫೀಸು ಕಟ್ಟುತ್ತಾರೆ. ಸಂಬಳ ಬೇಕಿತ್ತು, ಸುಮ್ನೆ ಇದ್ದೆ. ನಿನ್ನೆ ಆ ಹುಡುಗಿಯ ಕಣ್ಣು ನೋಡಿ ಅಷ್ಟು ಸಿಟ್ಟು ಬಂದಿದ್ದಕ್ಕೆ ಅದೂ ಕಾರಣ ಇರಬಹುದು.

ಬೆಂಗಳೂರಿನಲ್ಲಿ ನಾನು ಕಲಿತ ಉಚ್ಚಾರ ಎರಡು. ಒಂದು ಆಫೀಸಿಗೆ ಇಂಗ್ಲಿಷಿನದು. ಇನ್ನೊಂದು ರೂಮಿಗೆ ಕನ್ನಡದ್ದು. ‘ಏನ್ ಮಾಡ್ಲತ್ತೀರಿ’ ಅಂದರೆ ರೂಮಿನ ಹುಡುಗಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ತಿಂಗಳೊಳಗೆ ‘ಮಾಡ್ತಾ ಇದೀರ’ ಕಲಿತೆ. ಮಾಡಲಿಕ್ಕೆ ಹತ್ತಿದ್ದೀರಿ ಅನ್ನೋ ಅಷ್ಟುದ್ದವನ್ನು ಒಂದೇ ಉಸಿರಲ್ಲಿ ‘ಮಾಡ್ಲತ್ತೀರಿ’ ಮಾಡೋ ಜನ ನಾವು. ಮೊದಲನೆಯದು ಕಲಿತದ್ದಕ್ಕೆ ಸಂಬಳ ಬಂತು. ಎರಡನೆಯದು ನೆನಪಾದರೆ ಈಗಲೂ ಒಂಥರಾ ಆಗುತ್ತೆ. ಇರಲಿ.

ಹುಡುಗಿ ಇನ್ನೂ ಅಂಗಡಿಯಲ್ಲಿದ್ದಾಗಲೇ ಸರ್ ಕೂಡ ಕೆಳಗೆ ಬಂದರು, ನಲವತ್ತು ಕಾಪಿ ಹೊಡೆಸೋಕೆ. ಮೆತ್ತಗೆ ಕೇಳಿದೆ, ‘ಸರ್, ಕೂಡಿಸಿ ಹೇಳಿದರೂ ಸರಿ ಅಲ್ವಾ?’ ಅವರು ಕನ್ನಡಕ ಸರಿ ಮಾಡಿಕೊಂಡು, ‘ಮೇಡಂ, ಬಿಡಿಸಿ ಹೇಳಿದ್ರೇ ಕ್ಲಾರಿಟಿ ಬರ್ತದ್ರಿ. ಈ ಹುಡುಗ್ರು ಎಸ್ಸೆಸ್ಸೆಲ್ಸಿ ಮುಗಿಸಿ ಬಂದಾರ, ಒಂದು ವಾಕ್ಯ ನೆಟ್ಟಗ ಬರಂಗಿಲ್ಲ’ ಅಂದರು.

ನಾನು ಹೂಂ ಅಂದು ಕಾಪಿ ಹೊಡೆದು ಕೊಟ್ಟೆ. ಉತ್ತರ ಹೊಳೆದದ್ದು ರಾತ್ರಿ ರೊಟ್ಟಿ ಬಡಿಯುವಾಗ. ಎಸ್ಸೆಸ್ಸೆಲ್ಸಿ! ನಾಲ್ಕು ಅಕ್ಷರ, ಒಂದೇ ಉಸಿರು, ಎಲ್ಲೂ ನಿಲ್ಲಲಿಲ್ಲ ಮನುಷ್ಯ! ಬಿಡಿಸಿ ಹೇಳಬೇಕಿತ್ತಲ್ಲ ಸರ್, ಎಸ್. ಎಸ್. ಎಲ್. ಸಿ. ಅಂತ. ‘ಎಮ್ಮೆಲ್ಲೆ ಬಂದ್ರು’ ಅಂದರೆ ಸಭೆ ಎದ್ದು ನಿಲ್ಲುತ್ತೆ. ‘ಎಂ. ಎಲ್. ಎ. ಬಂದರು’ ಅನ್ನಿ, ಹಾಜರಿ ಕರೀತಿದ್ದಾರೆ ಅಂದುಕೊಂಡು ಯಾರೂ ಕುರ್ಚಿ ಬಿಡಲ್ಲ. ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಅತ್ತೆ ಏನು ಒಬ್ಬಳೇ ನಗ್ತಿ ಅಂದರು.

ಇವತ್ತು ಸರ್ ಕೆಳಗೆ ಬರಲಿಲ್ಲ. ಹುಡುಗಿ ಬಂದಳು. ಐದು ಹಾಳೆ, ಎರಡೂ ಕಡೆ. ಪರ್ಸ್ ತೆಗೆಯುತ್ತಾ ‘ಎಷ್ಟಾಯ್ತ್ರೀ?’ ಅಂದಳು.

‘ಬಿಡಿಸಿ ಹೇಳು’ ಅಂದೆ.

ಒಂದು ಕ್ಷಣ ಗಾಬರಿಯಾಗಿ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸರ್ ಥರಾನೇ ಕೈ ಎತ್ತಿ, ‘ಎಷ್ಟು. ಆಯಿತು. ರೀ.’ ಅಂದು ಬಾಯಿ ಮುಚ್ಚಿಕೊಂಡು ನಕ್ಕಳು. ಮೇಲೆ ಕೋರಸ್ ಶುರುವಾಗಿತ್ತು. ಮೆಟ್ಟಿಲು ಹತ್ತುತ್ತಾ ಕೂಗಿದಳು, ‘ಹಾಫನವರ್ ಬಿಟ್ಟು ಬರ್ತೀನಕ್ಕಾ, ಹಾಳೆ ನಿಮ್ ಕಡೇನೇ ಇರ್ಲಿ.’