ಆ ಹಾಡನ್ನು ಗುರುತಿಸಿದ ಕಿವಿ

1900ರ ಮೇ ತಿಂಗಳು. ಸ್ಪೇನಿನ ಬುರ್ಗೊ ದೆ ಓಸ್ಮಾ ಅನ್ನೋ ಸಣ್ಣ ಊರು. ಆಗಷ್ಟೇ ಮದುವೆಯಾದ ಗಂಡ ಹೆಂಡತಿ ಸೂರ್ಯಗ್ರಹಣ ನೋಡೋಕೆ ಅಂತ ಅಲ್ಲಿ ಉಳಿದಿದ್ದರು. ಬಟ್ಟೆ ಒಗೆಯುವ ಹೆಂಗಸೊಬ್ಬಳು ಮಾತಿಗೆ ಸಿಕ್ಕಳು. ಮದುಮಗಳು ತನಗೆ ಬರುತ್ತಿದ್ದ ಹಳೆಯ ಕಥನಗೀತೆಯೊಂದನ್ನು ಹೇಳಿದರು. ಅದು ತನಗೂ ಬರುತ್ತೆ ಅಂದ ಆ ಹೆಂಗಸು ಮತ್ತಷ್ಟು ಹಾಡಿದಳು. ಅದರಲ್ಲೊಂದು ಹಾಡು ಹುವಾನ್ ಅನ್ನುವವನು ಹಾಸಿಗೆ ಹಿಡಿದಿದ್ದಾನೆ, ಸ್ಪೇನಿನ ತುಂಬ ಅದೇ ಸುದ್ದಿ ಅಂತ ಶುರುವಾಗುತ್ತಿತ್ತು.

ಕೇಳುತ್ತಿದ್ದ ಹಾಗೇ ಆ ಮದುಮಗಳ ಕಿವಿ ನೆಟ್ಟಗಾಯಿತು. ಇದು ಸ್ಪೇನನ್ನು ಆಳಿದ ರಾಣಿ ಇಸಾಬೆಲ್ ಮತ್ತು ರಾಜ ಫೆರ್ನಾಂದೋ ಅವರ ಒಬ್ಬನೇ ಮಗ ಹುವಾನ್‌ನ ಸಾವಿನ ಹಾಡು. ಅವನು ಸತ್ತಿದ್ದು 1497ರಲ್ಲಿ, 19ನೇ ವಯಸ್ಸಿಗೆ. ಹಳೆಯ ಯಾವ ಅಚ್ಚಾದ ಸಂಗ್ರಹದಲ್ಲೂ ಇಲ್ಲದ ಹಾಡು, 400 ವರ್ಷ ಬರೀ ಬಾಯಿಂದ ಬಾಯಿಗೆ ದಾಟಿಕೊಂಡು ಬಂದಿತ್ತು! ಓಸ್ಮಾ ಇರುವ ಕಸ್ತೀಯಾ ಸೀಮೆಯಲ್ಲಿ ಇಂಥ ಹಾಡುಗಳು ಸತ್ತೇ ಹೋಗಿವೆ ಅಂತ ವಿದ್ವಾಂಸರು ನಂಬಿದ್ದ ಕಾಲ ಅದು. ಗಂಡ ಹೆಂಡತಿ ಕೂತು ಅದನ್ನು ಬರೆದುಕೊಂಡರು.

ಗಂಡ ರಮೋನ್ ಮೆನೆಂದೆಸ್ ಪಿದಾಲ್. ಸ್ಪ್ಯಾನಿಷ್ ಸಾಹಿತ್ಯ ಓದುವವರಿಗೆಲ್ಲ ಗೊತ್ತಿರೋ ಹೆಸರು. ಹೆಂಡತಿ ಮರಿಯಾ ಗೋಯ್ರಿ. ಈ ಕಥೆ ಹೇಳುವಾಗ ಜಾಸ್ತಿ ಸಲ ಅವರು ಬರೀ 'ಪಿದಾಲ್ ಅವರ ಹೆಂಡತಿ' ಆಗಿಬಿಡುತ್ತಾರೆ. ನನಗೆ ಇದು ತುಂಬ ನೋವು ಕೊಡುತ್ತೆ. ಹೆಂಗಸು ಹಾಡಿದ್ದು ಯಾರ ಹಾಡು ಅಂತ ಥಟ್ಟನೆ ಹಿಡಿಯೋಕೆ ಎಷ್ಟು ಓದಿರಬೇಕು, ಯೋಚನೆ ಮಾಡಿ.

ಆ ಓದೇನೂ ಸುಮ್ನೆ ಬಂದದ್ದಲ್ಲ. ಮರಿಯಾ ಹುಟ್ಟಿದ್ದು 1873ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಗಂಡನಿಲ್ಲದೆ ಮಗಳನ್ನು ಸಾಕಿದ ತಾಯಿ ಅಮಾಲಿಯಾ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಮುಂದೆ ವಿಶ್ವವಿದ್ಯಾಲಯ ಸೇರಲು ವಿಶೇಷ ಅನುಮತಿ ಬೇಕಾಯಿತು. ಮೊಗಸಾಲೆಯಲ್ಲಿ ನಿಲ್ಲುವ ಹಾಗಿಲ್ಲ. ಪ್ರಾಧ್ಯಾಪಕರ ಜೊತೆಗೇ ತರಗತಿಗೆ ಬರಬೇಕು, ಹುಡುಗರಿಂದ ಬೇರೆಯಾಗಿ ಕೂರಬೇಕು. ಹಾಗೆ ಓದಿಯೇ 1896ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳು ಅನುಮತಿಯ ಗೊಡವೆಯಿಲ್ಲದೆ ವಿಶ್ವವಿದ್ಯಾಲಯ ಸೇರಬಹುದು ಅನ್ನೋ ಆದೇಶ ಸ್ಪೇನಿನಲ್ಲಿ ಬಂದದ್ದು 1910ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಮರಿಯಾ ಡಾಕ್ಟರೇಟ್ ಮುಗಿಸಿದ್ದರು.

1906-07ರಲ್ಲಿ ಅವರು ಬರೆದ ಒಂದು ಲೇಖನ ನನಗೆ ತುಂಬ ದೊಡ್ಡದು ಅನಿಸುತ್ತೆ. ಜನರ ಬಾಯಲ್ಲಿ ಯಾವ ಯಾವ ಹಾಡು ಹುಡುಕಬೇಕು ಅಂತ ಸಂಗ್ರಹಕಾರರಿಗೆ ದಾರಿ ತೋರಿಸುವ ಬರಹ ಅದು. ಹಳ್ಳಿಗೆ ಹೋಗಿ ಹಾಡಿ ಅಂತ ಕೇಳಿದರೆ ಯಾರು ಹಾಡ್ತಾರೆ? ಹಾಡಿನ ಒಂದು ಎಳೆ ನಾವು ಕೊಟ್ಟರೆ ತಾನೇ ಅವರಿಗೂ ನೆನಪು ಬಿಚ್ಚಿಕೊಳ್ಳೋದು. ಓಸ್ಮಾದಲ್ಲಿ ಅವರು ಮಾಡಿದ್ದೂ ಅದನ್ನೇ ಅಲ್ವಾ?

ಈ ಕೆಲಸದ ಜೊತೆಗೇ ಪಾಠ ಹೇಳಿದರು, ಹೆಣ್ಣುಮಕ್ಕಳ ಓದಿಗಾಗಿ ದುಡಿದರು. ಎಳೆಯ ಮಗನನ್ನೂ ಕಳೆದುಕೊಂಡರು. ಸ್ಪೇನಿನ ಅಂತರ್ಯುದ್ಧದ ಹೊತ್ತಿಗೆ, 1937ರಲ್ಲಿ, ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಸೇನಾಧಿಕಾರಿ ಫ್ರಾಂಕೋ ಕಡೆಯವರು ಅವರ ಬಗ್ಗೆ ಒಂದು ವರದಿ ಬರೆದರು. ದೊಡ್ಡ ಪ್ರತಿಭೆ, ದೊಡ್ಡ ವಿದ್ಯೆ ಅಂತ ಒಪ್ಪಿಕೊಂಡೇ, ಗಂಡನನ್ನೂ ಮಕ್ಕಳನ್ನೂ ಕೆಡಿಸಿದವರು, ದೇಶದ ಅತಿ ಅಪಾಯಕಾರಿ ವ್ಯಕ್ತಿಗಳಲ್ಲಿ ಒಬ್ಬರು ಅಂತ ಅದರಲ್ಲಿ ಬರೆದಿತ್ತು. ಹಾಡು ಕೂಡಿಡುತ್ತಿದ್ದ, ಅರವತ್ತು ದಾಟಿದ ಹೆಂಗಸಿನ ಬಗ್ಗೆ!

ಗಂಡ ಸ್ಪ್ಯಾನಿಷ್ ಭಾಷೆಯ ಕೆಲಸ ನೋಡಿಕೊಳ್ಳುವ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿರ್ದೇಶಕರಾಗಿ ದಶಕಗಳ ಕಾಲ ಇದ್ದರು. ಆ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಪೂರ್ಣ ಸದಸ್ಯೆಯಾಗಿ ಆರಿಸಿದ್ದು 1978ರಲ್ಲಿ, ಕವಯಿತ್ರಿ ಕಾರ್ಮೆನ್ ಕೊಂದೆ ಅವರನ್ನು. ಮರಿಯಾ ತೀರಿಕೊಂಡು ಅಷ್ಟರಲ್ಲಿ 24 ವರ್ಷವಾಗಿತ್ತು. ಪಿದಾಲ್ ಅವರ ಪಾಂಡಿತ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇಬ್ಬರು ಕೂತು ಕಟ್ಟಿದ ಮನೆಗೆ ಒಬ್ಬರ ಹೆಸರಿನ ಫಲಕ ಸಾಲದು.

ಇಬ್ಬರೂ ಸೇರಿ ಬದುಕೆಲ್ಲ ಕೂಡಿಟ್ಟ ಆ ಹಾಡುಗಳ ಭಂಡಾರ ಇದೆ. ಈಗ ಅದನ್ನು ಮೆನೆಂದೆಸ್ ಪಿದಾಲ್ ಮತ್ತು ಗೋಯ್ರಿ, ಇಬ್ಬರ ಹೆಸರಿನಿಂದಲೂ ಕರೆಯುತ್ತಾರೆ. ಓಸ್ಮಾದ ಆ ಹೆಂಗಸಿನ ಹಾಡಿನಿಂದ ಶುರುವಾದ ಹುಡುಕಾಟ ಅದು.