ವಿವರಗಳಿಗೆ ಸ್ಕ್ಯಾನ್ ಮಾಡಿ

ಬಾಗಿಲಿಗೆ ಬೀಗ. ಪಕ್ಕದಲ್ಲಿ ಒಂದು ಕಾಗದ, ಅದರ ತುಂಬ ಕಪ್ಪು-ಬಿಳಿ ಚೌಕ, ಕೆಳಗೆ ‘ವಿವರಗಳಿಗೆ ಸ್ಕ್ಯಾನ್ ಮಾಡಿ’ ಎಂಬ ಅಪ್ಪಣೆ. ಮಾಡಿದರೆ ಪಿಡಿಎಫ್ ಒಂದು ಇಳಿಯುತ್ತದೆ. ತೆರೆದರೆ ಅದರಲ್ಲಿ ಇರುವುದು ಮೂರೇ ಪದ: ‘ಈ ದಿನ ರಜೆ’. ಇದನ್ನು ಕಾಗದದ ಮೇಲೇ ಬರೆದಿದ್ದರೆ ಬಂದವರಿಗೆ ಕಣ್ಣಿದ್ದರೆ ಸಾಕಿತ್ತು. ಈಗ ಫೋನು ಬೇಕು, ಚಾರ್ಜ್ ಬೇಕು, ನೆಟ್‌ವರ್ಕ್ ಬೇಕು, ಕೊನೆಗೆ ಆ ಕಣ್ಣೂ ಬೇಕು.

ಬರೆಯಲು ನಾಚಿಕೆಯಾದರೆ ಕೋಡಿನೊಳಗೇ ಬರೆಯಬಹುದಿತ್ತು. ಕ್ಯೂಆರ್ ಕೋಡ್ ಎಂದರೆ ಲಿಂಕ್ ಇರಲೇಬೇಕು ಎಂದು ಯಾರೂ ಕಾನೂನು ಮಾಡಿಲ್ಲ. ಕಂಪ್ಯೂಟರುಗಳು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಮೂರು ಬೈಟ್ ನುಂಗುತ್ತದೆ, ನಿಜ. ಆದರೂ ‘ಈ ದಿನ ರಜೆ’ಗೆ ತಗಲುವುದು 23 ಬೈಟ್, ಬದಿಗೆ 25 ಮನೆಗಳಿರುವ ಪುಟ್ಟ ಕೋಡಿನಲ್ಲಿ ಅದು ಕಾಲು ಚಾಚಿ ಮಲಗುತ್ತದೆ. ಬದಿಗೆ 177 ಮನೆಗಳಿರುವ ದೊಡ್ಡಣ್ಣನಿಗಂತೂ 2,953 ಬೈಟ್ ಹಿಡಿಸುತ್ತದೆ. ರಜೆಯ ಕಾರಣವನ್ನೂ, ಅದಕ್ಕೆ ವಿಷಾದವನ್ನೂ ಸೇರಿಸಬಹುದು. ಆದರೆ ವಿಷಾದಕ್ಕೂ ಬೇರೆಯದೇ ಲಿಂಕ್ ಇರುತ್ತದೆ.

ಈ ಕೋಡನ್ನು ಕಟ್ಟಿದವರ ಶ್ರದ್ಧೆ ನೆನೆದರೆ ಸಂಕಟವಾಗುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಕಾರಿನ ಬಿಡಿಭಾಗಗಳ ಜಾಡು ಹಿಡಿಯಲು ಇದನ್ನು ರೂಪಿಸಿದರು. ಮೂರು ಮೂಲೆಗಳ ದೊಡ್ಡ ಚೌಕಗಳನ್ನು ಸ್ಕ್ಯಾನರ್ ಥಟ್ಟನೆ ಗುರುತಿಸಬೇಕಲ್ಲ, ಅದಕ್ಕಾಗಿ ಅಚ್ಚಾದ ಕಾಗದಗಳನ್ನೆಲ್ಲ ಜಾಲಾಡಿ, ಅವುಗಳಲ್ಲಿ ತೀರಾ ಅಪರೂಪವಾಗಿ ಕಾಣುವ ಕಪ್ಪು-ಬಿಳಿ ಅನುಪಾತ ಯಾವುದೆಂದು ಹುಡುಕಿ, 1:1:3:1:1 ಅನ್ನು ಆರಿಸಿದರು. ಕಪ್ಪು ಒಂದೇ ಕಡೆ ಗುಂಪು ಸೇರದಂತೆ ಕೆಲವು ಮನೆಗಳ ಕಪ್ಪು-ಬಿಳಿಯನ್ನು ಅದಲುಬದಲು ಮಾಡುವ ಎಂಟು ಬಗೆಯ ಮಾಸ್ಕ್ ಹಾಕಿ ನೋಡಿ, ಒಳ್ಳೆಯದನ್ನು ಉಳಿಸಿಕೊಳ್ಳುವ ಏರ್ಪಾಡೂ ಇದೆ. ಪೇಟೆಂಟ್ ಕೈಯಲ್ಲಿದ್ದೂ ಬಳಸಿದವರಿಂದ ದುಡ್ಡು ಕೇಳಲಿಲ್ಲ. ಕೇಳಿದ್ದರೆ ನಮ್ಮ ಗೋಡೆಗಳು ಸ್ವಲ್ಪ ಉಳಿಯುತ್ತಿದ್ದವು.

ಕಾರ್ಖಾನೆ ಎಂದ ಮೇಲೆ ಎಣ್ಣೆ, ಮಸಿ, ಗೀರು ಇದ್ದದ್ದೇ. ಆದ್ದರಿಂದ ರೀಡ್-ಸಾಲಮನ್ ಎಂಬ ಗಣಿತದಿಂದ ಹೆಚ್ಚುವರಿ ಮಾಹಿತಿ ತುಂಬಿ, ತಿದ್ದುವ ಶಕ್ತಿ ಅತಿ ಹೆಚ್ಚಿರುವ ‘ಎಚ್’ ಮಟ್ಟದಲ್ಲಿ ಸುಮಾರು ಶೇ 30ರಷ್ಟು ಹಾಳಾದರೂ ಉಳಿದುದರಿಂದ ಪೂರ್ತಿ ಓದಿಕೊಳ್ಳುವಂತೆ ಮಾಡಿದರು. ಈ ಸುದ್ದಿ ಯಾರೋ ಪೋಸ್ಟರ್ ವಿನ್ಯಾಸಕರ ಕಿವಿಗೆ ಹಾಕಿದರು. ‘ಹಾಗಾದರೆ ಅಷ್ಟು ಜಾಗ ಖಾಲಿ!’ ಎಂದು ಅವರು ಅಧ್ಯಕ್ಷರ ನಗುಮುಖವನ್ನು ನಟ್ಟನಡುವೆ ಕೂರಿಸಿದರು. ಎಣ್ಣೆ ಕಲೆಗೆಂದು ಕಾದಿರಿಸಿದ ಕೋಟಾದಲ್ಲಿ ಅಧ್ಯಕ್ಷರಿಗೆ ಸೀಟು ಸಿಕ್ಕಿತು. ಸುತ್ತ ನಾಲ್ಕು ಮನೆ ಅಗಲದ ಬಿಳಿ ಅಂಚು ಬಿಡಬೇಕೆಂಬ ನಿಯಮವಿದೆ. ಖಾಲಿ ಸೈಟು ಕಂಡ ಕಂಟ್ರಾಕ್ಟರನಂತೆ ವಿನ್ಯಾಸಕರು ಅಲ್ಲಿಗೂ ಹೂಬಳ್ಳಿ ಹಬ್ಬಿಸಿದರು. ಬಣ್ಣ ತಿಳಿ ಹಳದಿ, ಹಿನ್ನೆಲೆ ಬಿಳಿ. ಸ್ಕ್ಯಾನ್ ಆಗಲಿಲ್ಲ ಎಂದರೆ ಉತ್ತರ ಸಿದ್ಧ: ನಿಮ್ಮ ಫೋನ್ ಹಳೆಯದು.

ಓಡುವ ವಾಹನದ ಬೆನ್ನಿಗೆ ಅಂಟಿಸುವವರನ್ನು ಬಿಟ್ಟುಬಿಡೋಣ, ಅವರಿಗೆ ಗಿರಾಕಿಗಳ ವ್ಯಾಯಾಮದ ಕಾಳಜಿಯಿರಬಹುದು. ಮೊಬೈಲಿಗೆ ಕೋಡಿನ ಚಿತ್ರ ಕಳಿಸಿ ‘ನಿಮ್ಮ ಮೊಬೈಲಿನಿಂದ ಸ್ಕ್ಯಾನ್ ಮಾಡಿ’ ಎನ್ನುವವರು ಮಾತ್ರ ಕನ್ನಡಿಯನ್ನೂ ಜೊತೆಗೆ ಕಳಿಸಬೇಕು.

ಈ ವ್ಯವಸ್ಥೆಯ ನಿಜವಾದ ಅಭಿಮಾನಿ ಕಳ್ಳ. ಮನುಷ್ಯನ ಕಣ್ಣು ಓದಲಾರದ ಬರಹ, ಕಂಡಲ್ಲೆಲ್ಲ ಸ್ಕ್ಯಾನ್ ಮಾಡಿ ರೂಢಿಯಾದ ಜನ. ಅವನಿಗೆ ಬೇಕಾದದ್ದು ಅಸಲಿ ಕೋಡಿನ ಮೇಲೆ ಅಂಟಿಸಲು ಒಂದು ಸ್ಟಿಕ್ಕರ್ ಮಾತ್ರ. ಆ ಸ್ಟಿಕ್ಕರ್ ಮಳೆಗೆ ಸಿಕ್ಕಿ ಅಲ್ಲಲ್ಲಿ ಕಿತ್ತುಬಂದಿದ್ದರೂ ರೀಡ್-ಸಾಲಮನ್ ಕೈಬಿಡುವುದಿಲ್ಲ. ಅಕ್ಷರ ತಪ್ಪಿದರೆ ತಿದ್ದುತ್ತದೆ, ಉದ್ದೇಶ ಅದರ ಇಲಾಖೆಯಲ್ಲ. ಒಂದು ಬೈಟೂ ತಪ್ಪದಂತೆ ನಿಮ್ಮನ್ನು ಕಳ್ಳನ ಪುಟಕ್ಕೇ ತಲುಪಿಸುತ್ತದೆ.

ಇಷ್ಟರ ಮೇಲೆ ಸ್ಮಾರಕಗಳಿಗೂ ಕೋಡ್ ಬಂದಿದೆ. ಅದರಲ್ಲೂ ‘ಡೈನಾಮಿಕ್’ ತಳಿ. ಒಳಗಿರುವುದು ಮಧ್ಯವರ್ತಿಯೊಬ್ಬರ ಚುಟುಕು ವಿಳಾಸ. ಅವರು ಅಲ್ಲಿಂದ ಮುಂದಿನ ಪುಟಕ್ಕೆ ದಾಟಿಸುತ್ತಾರೆ, ಚಂದಾ ಕಟ್ಟುತ್ತಿರುವ ತನಕ. ಶಿಲೆಯಲ್ಲಿ ಕೋಡ್ ಕೆತ್ತಿಸುವ ಸಮಿತಿ ಒಂದು ವರ್ಷದ ಚಂದಾ ಕಟ್ಟಿ ಪರದೆ ಸರಿಸುತ್ತದೆ. ತಿದ್ದುವ ಮಟ್ಟ ಯಾವುದಿರಬೇಕು ಎಂದು ಶಿಲ್ಪಿ ಕೇಳಿದರೆ ಎಲ್ಲರೂ ಒಕ್ಕೊರಲಿನಿಂದ ಎಚ್ ಎನ್ನುತ್ತಾರೆ. ಇನ್ನು ಶಿಲೆಯ ಕಾಲು ಭಾಗ ಉದುರಿಹೋದರೂ ಚಿಂತೆಯಿಲ್ಲ, ‘ಈ ಪುಟ ಲಭ್ಯವಿಲ್ಲ’ ಎಂಬುದು ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ.