ಸತ್ತವರನ್ನು ಎಬ್ಬಿಸಿಕೊಡುವಂತೆ ಕೋರಿ ಮನವಿ

ನಿಜವಾದ ಮನುಷ್ಯರು ಸತ್ತರೆ ಅವರನ್ನು ಹಿಂದಿರುಗಿಸಿ ಎಂದು ಯಾವ ಕಚೇರಿಗೆ ಅರ್ಜಿ ಹಾಕಬೇಕೆಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ. ಧಾರಾವಾಹಿಯ ಪಾತ್ರ ಸತ್ತರೆ ಈ ಗೊಂದಲವಿಲ್ಲ. ವಾಹಿನಿಯ ವಿಳಾಸ ಗೊತ್ತಿದೆ, ಹೊಣೆಗಾರರ ಹೆಸರುಗಳು ಪ್ರತಿ ಸಂಚಿಕೆಯ ಕೊನೆಯಲ್ಲಿ ಪರದೆಯ ಮೇಲೆ ತಾವಾಗಿಯೇ ಓಡುತ್ತವೆ, ಅವರು ಸಂಬಳ ಪಡೆದೇ ಕೊಂದಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸಾವಿತ್ರಿಯಾದರೋ ಯಮನ ಬೆನ್ನು ಹತ್ತಿ ಅಷ್ಟು ದೂರ ನಡೆದು, ಮಾತಿನಲ್ಲೇ ಅವನನ್ನು ಕಟ್ಟಿಹಾಕಿ, ಗಂಡನ ಪ್ರಾಣವನ್ನು ಬಿಡಿಸಿಕೊಂಡು ಬರಬೇಕಾಯಿತು. ಈಗಿನ ವೀಕ್ಷಕರು ಅದೇ ಕೆಲಸವನ್ನು ಕುಳಿತಲ್ಲಿಂದ ಏಳದೆ, ಆನ್‌ಲೈನ್ ಮನವಿಯೊಂದಕ್ಕೆ ಸಹಿ ಹಾಕಿ, ಹ್ಯಾಷ್‌ಟ್ಯಾಗ್ ಒಂದನ್ನು ತೇಲಿಬಿಟ್ಟು ಮುಗಿಸುತ್ತಾರೆ. ಇದನ್ನು ಹುಚ್ಚುತನವೆಂದು ಕರೆಯಲು ನನಗೂ ಮನಸ್ಸಿದೆ; ಆದರೆ ಈ ಅರ್ಜಿಗಳು ಅನೇಕ ಸಲ ಮಂಜೂರಾಗಿರುವುದರಿಂದ ಹಾಗೆ ಕರೆಯಲು ಧೈರ್ಯ ಸಾಲದು.

ಮೊದಲ ದೊಡ್ಡ ಮಂಜೂರಾತಿ ಸಿಕ್ಕಿದ್ದು ಟಿ.ವಿ. ಹುಟ್ಟುವ ಮೊದಲೇ. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರ್‌ನಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದಕ್ಕೆ ತಳ್ಳಿ ಕೈತೊಳೆದುಕೊಂಡರು. ಓದುಗರು ಪತ್ರಿಕೆಯ ಚಂದಾ ನಿಲ್ಲಿಸಿದರು; ಒಬ್ಬ ಮಹಿಳೆಯಂತೂ ಲೇಖಕರನ್ನು ಮೃಗವೆಂದು ಸಂಬೋಧಿಸಿಯೇ ಪತ್ರ ಆರಂಭಿಸಿದರು. ಹತ್ತು ವರ್ಷಗಳ ತರುವಾಯ, 1903ರಲ್ಲಿ, ಹೋಮ್ಸ್ ಹಿಂದಿರುಗಿ ಬಂದು ತಾನು ಬಿದ್ದೇ ಇರಲಿಲ್ಲವೆಂದೂ, ಜಪಾನಿ ಕುಸ್ತಿಯ ಪಟ್ಟು ಗೊತ್ತಿದ್ದುದರಿಂದ ಎದುರಾಳಿ ಮಾತ್ರ ಬಿದ್ದನೆಂದೂ ವಿವರಿಸಿದ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಸತ್ತವನು ಬಾಗಿಲಲ್ಲಿ ನಿಂತಿರುವಾಗ ಕುಸ್ತಿಯ ವಿವರ ಕೇಳುವವರು ಯಾರು?

ಅಮೆರಿಕದ ‘ಡಲ್ಲಾಸ್’ ಧಾರಾವಾಹಿ ಅಷ್ಟು ವಿವರಣೆಯ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ನಟ ಪ್ಯಾಟ್ರಿಕ್ ಡಫಿ ಹೊರಗೆ ಹೋಗಲು ಬಯಸಿದ್ದರಿಂದ 1985ರ ಮೇ ತಿಂಗಳಲ್ಲಿ ಬಾಬಿ ಯೂಯಿಂಗ್ ಎಂಬ ಪಾತ್ರ ಕಾರಿಗೆ ಸಿಕ್ಕಿ, ಆಸ್ಪತ್ರೆಯ ಹಾಸಿಗೆಯ ಸುತ್ತ ನಿಂತ ಬಂಧುಗಳ ಎದುರಿಗೇ ಕಣ್ಣು ಮುಚ್ಚಿತು. ವೀಕ್ಷಕರ ಸಂಖ್ಯೆ ಇಳಿಯಿತು, ನಟನನ್ನು ಮರಳಿ ಕರೆಯಲಾಯಿತು, ಮತ್ತು 1986ರ ಮೇ ತಿಂಗಳಲ್ಲಿ ಬಾಬಿಯ ಮಾಜಿ ಹೆಂಡತಿ ಪ್ಯಾಮ್ ನಿದ್ದೆಯಿಂದೆದ್ದು ಬಚ್ಚಲಿನ ಬಾಗಿಲು ತೆರೆದರೆ ಆತ ಷವರ್ ಕೆಳಗೆ ಸ್ನಾನ ಮಾಡುತ್ತಾ ನಿಂತಿದ್ದ. ನಡುವಿನ ಒಂದಿಡೀ ವರ್ಷದ ಕಥೆಯು, ಅದರಲ್ಲಿ ನಡೆದ ಮದುವೆ, ಜಗಳ, ಒಳಸಂಚುಗಳ ಸಮೇತ, ಪ್ಯಾಮ್ ಕಂಡ ಕನಸೆಂದು ಘೋಷಿಸಲಾಯಿತು. ತೊಡಕು ಉಳಿದದ್ದು ಇದೇ ಕುಟುಂಬದ ಇನ್ನೊಬ್ಬ ಸಹೋದರನ ಕಥೆ ಹೇಳುತ್ತಿದ್ದ ‘ನಾಟ್ಸ್ ಲ್ಯಾಂಡಿಂಗ್’ ಎಂಬ ಸೋದರ ಧಾರಾವಾಹಿಯಲ್ಲಿ. ಅಲ್ಲಿ ಬಾಬಿಗಾಗಿ ಅತ್ತು ಮುಗಿಸಿದ್ದರು, ಅತ್ತದ್ದನ್ನು ಹಿಂತೆಗೆದುಕೊಳ್ಳಲು ಸಿದ್ಧರಿರಲಿಲ್ಲ. ಹೀಗಾಗಿ ಒಬ್ಬನೇ ಮನುಷ್ಯ ಒಂದು ಧಾರಾವಾಹಿಯಲ್ಲಿ ಮೃತನಾಗಿಯೂ ಮತ್ತೊಂದರಲ್ಲಿ ಸ್ನಾನ ಮುಗಿಸಿದವನಾಗಿಯೂ ಏಕಕಾಲಕ್ಕೆ ಮುಂದುವರಿದ. ವೇದಾಂತಿಗಳು ಶತಮಾನಗಳಿಂದ ಜಗತ್ತು ಕನಸೆಂದು ವಾದಿಸುತ್ತ ಬಂದಿದ್ದರೂ, ಅದನ್ನು ರೇಟಿಂಗ್‌ನ ಒತ್ತಡದಲ್ಲಿ ಸಾಧಿಸಿ ತೋರಿಸಿದ ಕೀರ್ತಿ ಈ ನಿರ್ಮಾಪಕರಿಗೇ ಸಲ್ಲಬೇಕು.

ಹಿಂದಿಯ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ಯ ಮಿಹಿರ್ ವಿರಾನಿಯ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. 2000ರಲ್ಲಿ ಆರಂಭವಾದ ಆ ಧಾರಾವಾಹಿಯಲ್ಲಿ ಮಿಹಿರ್ ಸತ್ತನೆಂದು ತೋರಿಸಿದಾಗ ಮನೆಮನೆಗಳಲ್ಲಿ ಎದ್ದ ಗೋಳು ಎಷ್ಟಿತ್ತೆಂದರೆ ಅವನನ್ನು ಬದುಕಿಸಿ ತರಲೇಬೇಕಾಯಿತು. ಆ ಪಾತ್ರವನ್ನು ಆರಂಭದಲ್ಲಿ ಮಾಡುತ್ತಿದ್ದವರು ಅಮರ್ ಉಪಾಧ್ಯಾಯ್. ಮುಂದೆ ಮಿಹಿರ್‌ಗೆ ಬೇರೆ ಮುಖ ಬಂತು, ಕಡೆಗೆ ರೋನಿತ್ ರಾಯ್ ಅವರ ಮುಖ ನೆಲೆನಿಂತಿತು. ಎತ್ತರ, ದನಿ, ಮೂಗು, ನಗು ಎಲ್ಲವೂ ಬೇರೆಯಾದ ಗಂಡನನ್ನು ಹೆಂಡತಿ ಒಪ್ಪಿಕೊಂಡಳು, ಅತ್ತೆ ಒಪ್ಪಿಕೊಂಡಳು, ದೇಶವೂ ಒಪ್ಪಿಕೊಂಡಿತು. ಅಭಿಮಾನಿಯ ನಿಷ್ಠೆ ಎಲ್ಲಿದೆಯೆಂದು ತಿಳಿಯಬಯಸುವವರು ಇದನ್ನು ಗಮನಿಸಬೇಕು. ಮನುಷ್ಯ ಪೂರ್ತಿ ಬದಲಾದರೂ ಅಭ್ಯಂತರವಿಲ್ಲ, ಹೆಸರು ಮಾತ್ರ ಸಾಯಕೂಡದು.

ಹೆಸರೇ ಇಲ್ಲದವರ ಗತಿಯೇನು ಎಂದು ಯಾರಾದರೂ ಕೇಳಬಹುದು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದನ್ನು ಕುರಿತ ‘ಮ್ಯಾಷ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಗಾಯಾಳುಗಳು ವಾರವಾರವೂ ಹೆಲಿಕಾಪ್ಟರ್‌ನಲ್ಲಿ ಬಂದಿಳಿಯುತ್ತಿದ್ದರು. ಕೆಲವರು ಉಳಿಯುತ್ತಿದ್ದರು, ಕೆಲವರು ಹೋಗುತ್ತಿದ್ದರು, ವೀಕ್ಷಕರು ನಗುತ್ತಲೇ ಇದ್ದರು. 1975ರ ಮಾರ್ಚ್ 18ರಂದು ಮಾತ್ರ, ನಟ ಮೆಕ್‌ಲೀನ್ ಸ್ಟೀವನ್‌ಸನ್ ಧಾರಾವಾಹಿ ಬಿಟ್ಟು ಹೊರಟಿದ್ದರಿಂದ, ಅವರು ಮಾಡುತ್ತಿದ್ದ ಹೆನ್ರಿ ಬ್ಲೇಕ್ ಎಂಬ ಅಧಿಕಾರಿ ಸೇವೆ ಮುಗಿಸಿ, ಎಲ್ಲರನ್ನೂ ಬೀಳ್ಕೊಂಡು, ಊರಿಗೆ ವಿಮಾನ ಹತ್ತಿದ. ಆ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಗಿದೆ, ಬದುಕುಳಿದವರಿಲ್ಲ ಎಂಬ ಸುದ್ದಿಯನ್ನು ರೇಡಾರ್ ಎಂಬ ಕಿರಿಯ ಸಿಬ್ಬಂದಿ ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದು ಓದಿದ. ಈ ಕೊನೆಯ ಹಾಳೆಯನ್ನು ಚಿತ್ರೀಕರಣದ ತನಕ ಬಹುತೇಕ ನಟರಿಂದಲೂ ಬಚ್ಚಿಡಲಾಗಿತ್ತು. ವೀಕ್ಷಕರಿಂದ ಪ್ರತಿಭಟನೆಯ ಪತ್ರಗಳು ಬಂದವು. ಯುದ್ಧದ ಕಥೆಯಲ್ಲಿ ಒಬ್ಬ ಸೈನಿಕ ಸತ್ತದ್ದು ಅನ್ಯಾಯವೆಂದು ಅವರಿಗೆ ಆ ಸಂಜೆ ಹೊಳೆಯಿತು. ಮೂರು ವರ್ಷ ಸ್ಟ್ರೆಚರ್ ಮೇಲೆ ಬಂದವರಿಗೆ ಸಂಭಾಷಣೆಯಿರಲಿಲ್ಲ, ಆದ್ದರಿಂದ ಅವರ ಪರವಾಗಿ ಅಂಚೆ ಚೀಟಿ ಹಚ್ಚುವ ಪ್ರಶ್ನೆಯೂ ಏಳಲಿಲ್ಲ. ಇಂದಿನ ಸರಣಿಗಳಲ್ಲಿಯೂ ಇದೇ ಪದ್ಧತಿ: ಇಡೀ ಊರೊಂದು ಸುಟ್ಟು ಬೂದಿಯಾದರೆ ಅದು ಗ್ರಾಫಿಕ್ಸ್‌ನ ಗುಣಮಟ್ಟದ ವಿಚಾರ, ನಾಯಕನ ನಾಯಿಗೆ ಗಾಯವಾದರೆ ಅದು ಮಾನವೀಯತೆಯ ವಿಚಾರ.

ಪ್ರತಿಭಟನೆ ಫಲಿಸದಿದ್ದಾಗ ಅಂತ್ಯಕ್ರಿಯೆಯ ಹೊಣೆಯನ್ನೂ ಅಭಿಮಾನಿಗಳೇ ಹೊರುತ್ತಾರೆ. ಜಪಾನಿನಲ್ಲಿ ‘ಅಶಿತಾ ನೊ ಜೋ’ ಎಂಬ ಕಾಮಿಕ್ಸ್ ಕಥೆಯ ಬಾಕ್ಸರ್ ರಿಕಿಯಿಶಿ ಸತ್ತಾಗ 1970ರ ಮಾರ್ಚ್‌ನಲ್ಲಿ, ಆ ಕಥೆ ಟಿ.ವಿ.ಗೆ ಬರುವ ತುಸು ಮೊದಲು, ಟೋಕಿಯೊದ ಪ್ರಕಾಶನ ಸಂಸ್ಥೆಯ ಕಟ್ಟಡದಲ್ಲೇ ಬೌದ್ಧ ವಿಧಿಯಂತೆ ಶವಸಂಸ್ಕಾರ ನಡೆಯಿತು. ಸುಮಾರು 700 ಮಂದಿ ಬಂದಿದ್ದರು. ಶವವೊಂದನ್ನು ಬಿಟ್ಟು ಬೇಕಾದದ್ದೆಲ್ಲ ಇತ್ತು. ಬ್ರಿಟನ್ನಿನ ‘ಟಾರ್ಚ್‌ವುಡ್’ ಸರಣಿಯು 2009ರಲ್ಲಿ ಇಯಾಂಟೊ ಜೋನ್ಸ್ ಎಂಬ ಪಾತ್ರವನ್ನು ಕೊಂದ ಬಳಿಕ, ಕಾರ್ಡಿಫ್ ಕೊಲ್ಲಿಯ ಮರ್ಮೇಡ್ ಕೀ ಎಂಬಲ್ಲಿ, ಕಥೆಯಲ್ಲಿ ಆತ ಕೆಲಸ ಮಾಡುತ್ತಿದ್ದ ಜಾಗದ ಗೋಡೆಯ ಮೇಲೆ ಪತ್ರಗಳೂ ಚಿತ್ರಗಳೂ ಹೂಗಳೂ ತುಂಬಿಕೊಂಡವು. ಅದು ಈಗ ಫಲಕ ಸಮೇತವಾದ ಸ್ಮಾರಕ. ಪ್ರವಾಸಿಗರು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಾತ್ರವನ್ನು ಮಾಡಿದ ನಟ ಆರೋಗ್ಯವಾಗಿದ್ದು ಬೇರೆ ಕೆಲಸಗಳಲ್ಲಿ ತೊಡಗಿದ್ದಾರೆಂಬ ಸಂಗತಿ ಆ ಗೋಡೆಯ ದುಃಖಕ್ಕೆ ಯಾವ ರೀತಿಯಿಂದಲೂ ಅಡ್ಡಿಯಾಗಿಲ್ಲ.

ಎಲ್ಲ ದೂರುಗಳೂ ಇದೇ ತೂಕದವಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ‘ದಿ 100’ ಸರಣಿಯಲ್ಲಿ 2016ರ ಮಾರ್ಚ್‌ನಲ್ಲಿ ಲೆಕ್ಸಾ ಎಂಬ ಪಾತ್ರ ಸತ್ತಾಗ, ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಪಾತ್ರಗಳನ್ನು ಟಿ.ವಿ. ಯಾಕೆ ಹೀಗೆ ಸುಲಭವಾಗಿ ಸಾಯಿಸುತ್ತದೆ ಎಂದು ಅಭಿಮಾನಿಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದು; ಅವರು ಬರಿಯ ಕಿರುಚಾಟದಲ್ಲಿ ನಿಲ್ಲದೆ ಎಳೆಯರ ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ ದೊಡ್ಡ ಮೊತ್ತವನ್ನು ಕೂಡಿಸಿಕೊಟ್ಟರು. ಸರಣಿಯ ಮುಖ್ಯಸ್ಥರು ಲಿಖಿತವಾಗಿ ವಿಷಾದ ಸೂಚಿಸಿದರು. ಇಂಥವರ ಮುಂದೆ ವಿಡಂಬನಕಾರ ತೆಪ್ಪಗಿರುವುದು ಲೇಸು.

ಆದರೆ ಉದ್ಯಮವೆಂಬುದು ತೆಪ್ಪಗಿರುವ ಜಾತಿಯಲ್ಲ. ಕಣ್ಣೀರಿಗೆ ಬೆಲೆಯಿದೆಯೆಂದು ಗೊತ್ತಾದ ಮೇಲೆ ಅದನ್ನು ಕಂತುಕಂತಾಗಿ ಕರೆಯುವ ವಿದ್ಯೆಯನ್ನು ಅದು ಕಲಿತುಕೊಂಡಿತು. ‘ದಿ ವಾಕಿಂಗ್ ಡೆಡ್’ ಸರಣಿಯ ಗ್ಲೆನ್ 2015ರಲ್ಲಿ ನಡೆದಾಡುವ ಹೆಣಗಳ ಹಿಂಡಿನ ನಡುವೆ ಬಿದ್ದ. ಮುಂದಿನ ವಾರಗಳಲ್ಲಿ ಆರಂಭದ ಹೆಸರುಗಳ ಸಾಲಿನಿಂದ ನಟನ ಹೆಸರನ್ನೂ ತೆಗೆದುಹಾಕಲಾಯಿತು. ಅಭಿಮಾನಿಗಳು ಆ ಖಾಲಿ ಜಾಗವನ್ನು ನೋಡಿ ಎದೆ ಬಡಿದುಕೊಂಡರು. ಆಮೇಲೆ ಗ್ಲೆನ್ ಕಸದ ತೊಟ್ಟಿಯ ಕೆಳಗಿನಿಂದ ತೆವಳಿಕೊಂಡು ಹೊರಬಂದ, ಸಂತೋಷವಾಯಿತು, ಮರುವರ್ಷ ಅವನನ್ನು ನಿಜವಾಗಿಯೇ ಬಡಿದು ಕೊಲ್ಲಲಾಯಿತು. ಸಂಚಿಕೆ ಮುಗಿದೊಡನೆ ಅದೇ ವಾಹಿನಿಯಲ್ಲಿ, ಈಗತಾನೆ ಸತ್ತವರ ಕುರಿತು ಮಾತಾಡುವ ಚರ್ಚಾ ಕಾರ್ಯಕ್ರಮವೂ ಇರುತ್ತಿತ್ತು. ಕೊಂದವರೇ ಸಂತಾಪ ಸಭೆಯನ್ನೂ ಏರ್ಪಡಿಸಿ, ನಡುನಡುವೆ ಜಾಹೀರಾತು ತೋರಿಸುವ ಈ ವ್ಯವಸ್ಥೆಯ ಅಚ್ಚುಕಟ್ಟುತನವನ್ನು ಮೆಚ್ಚದಿರಲಾಗದು.

ವೀಕ್ಷಕರೂ ಹಿಂದೆ ಬೀಳಲಿಲ್ಲ. ‘ಗೇಮ್ ಆಫ್ ಥ್ರೋನ್ಸ್’ನ ಜಾನ್ ಸ್ನೋ 2015ರ ಜೂನ್‌ನಲ್ಲಿ ಇರಿತಕ್ಕೆ ಸಿಕ್ಕಿ ಹಿಮದ ಮೇಲೆ ಬಿದ್ದಾಗ ಅವರು ಅತ್ತದ್ದು ಸ್ವಲ್ಪ, ತನಿಖೆ ನಡೆಸಿದ್ದು ಹೆಚ್ಚು. ನಟ ಕಿಟ್ ಹ್ಯಾರಿಂಗ್ಟನ್ ಎಲ್ಲೆಲ್ಲಿ ಕಾಣಿಸಿಕೊಂಡರೋ ಅಲ್ಲೆಲ್ಲ ಅವರ ತಲೆಗೂದಲಿನ ಉದ್ದವನ್ನು ಅಳೆಯಲಾಯಿತು: ಕತ್ತರಿಸಿಲ್ಲವಾದ್ದರಿಂದ ಪಾತ್ರ ಬದುಕುತ್ತದೆ. ಪಾತ್ರ ಸತ್ತಿದೆಯೆಂದು ತಂಡದವರು ಸಾರಿ ಸಾರಿ ಹೇಳಿದರು, ಕೂದಲು ಬೇರೆಯದನ್ನೇ ಹೇಳುತ್ತಿತ್ತು, 2016ರಲ್ಲಿ ಕೂದಲೇ ಗೆದ್ದಿತು. ಮೂರು ವರ್ಷಗಳ ನಂತರ ಕೊನೆಯ ಆವೃತ್ತಿ ರುಚಿಸಲಿಲ್ಲವೆಂದು 18 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಪೂರ್ತಿಯಾಗಿ ಹೊಸದಾಗಿ ತೆಗೆಯಬೇಕೆಂದು ಸಹಿ ಹಾಕಿದ್ದರಲ್ಲಿ ಅಚ್ಚರಿಯೇನಿಲ್ಲ. ಒಬ್ಬನನ್ನು ಎಬ್ಬಿಸಬಹುದಾದರೆ ಎಲ್ಲರನ್ನೂ ಯಾಕೆ ಎಬ್ಬಿಸಬಾರದು?

ಇಷ್ಟೆಲ್ಲ ಗದ್ದಲದ ನಡುವೆ ಅರ್ಜಿ ಹಾಕದ ವೀಕ್ಷಕ ವರ್ಗವೊಂದೂ ಇದೆ: ಮಕ್ಕಳು. ‘ಸೆಸಮಿ ಸ್ಟ್ರೀಟ್’ನಲ್ಲಿ ಅಂಗಡಿಯ ಹೂಪರ್ ಅವರ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಬಹುದಿತ್ತು, ಹೂಪರ್ ನಿವೃತ್ತರಾಗಿ ಊರು ಬಿಟ್ಟರೆನ್ನಬಹುದಿತ್ತು. ಬದಲಿಗೆ 1983ರ ನವೆಂಬರ್ 24ರ ಸಂಚಿಕೆಯಲ್ಲಿ ಬಿಗ್ ಬರ್ಡ್ ಎಂಬ ದೈತ್ಯ ಹಳದಿ ಹಕ್ಕಿ ತಾನು ಬರೆದ ಚಿತ್ರಗಳನ್ನು ಎಲ್ಲರಿಗೂ ಹಂಚಿ, ಹೂಪರ್ ಅವರ ಪಾಲಿನದನ್ನು ಹಿಡಿದು ಅವರೆಲ್ಲಿ ಎಂದು ಕೇಳಿದಾಗ, ಅವರು ಸತ್ತಿದ್ದಾರೆ, ಸತ್ತವರು ಹಿಂದಿರುಗುವುದಿಲ್ಲ ಎಂದು ದೊಡ್ಡವರು ಹೇಳಿಬಿಟ್ಟರು. ಮೂರು ವರ್ಷದ ವೀಕ್ಷಕರು ಇದನ್ನು ಅರಗಿಸಿಕೊಂಡರು. ಆ ಪೀಳಿಗೆ ದೊಡ್ಡದಾಗಿ ಮುಂದೆ ನಟರ ಕೂದಲು ಅಳೆಯಲು ಹೊರಟಿತೆಂದರೆ ತಪ್ಪು ಹಕ್ಕಿಯದಲ್ಲ.

ಅರ್ಜಿದಾರರಿಂದ ಶಾಶ್ವತ ರಕ್ಷಣೆ ಬಯಸುವ ಲೇಖಕರಿಗೆ ಬ್ರಿಟನ್ನಿನ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯ ಅನುಭವ ಉಪಯುಕ್ತವಾದೀತು. ಅಲ್ಲಿ ಡೆನ್ ವಾಟ್ಸ್ ಎಂಬಾತನನ್ನು 1989ರಲ್ಲಿ ಕಾಲುವೆಯ ದಂಡೆಯ ಮೇಲೆ, ಹೂಗುಚ್ಛ ಹಿಡಿದು ಬಂದವನೊಬ್ಬ ಗುಂಡಿಟ್ಟು ಕೊಂದ. 2003ರಲ್ಲಿ ಡೆನ್ ಏನೂ ಆಗದವನಂತೆ ಮಗಳ ಎದುರಿಗೆ ಬಂದು ನಿಂತ. ಪಾಠ ಕಲಿತ ಲೇಖಕರು 2005ರಲ್ಲಿ ಅವನ ತಲೆಗೆ ನಾಯಿಯ ಆಕಾರದ ಕಬ್ಬಿಣದ ಬಾಗಿಲ ತಡೆಯಿಂದ ಹೊಡೆಸಿ, ಹೆಣವನ್ನು ಅವನದೇ ಮದ್ಯದಂಗಡಿಯ ನೆಲಮಾಳಿಗೆಯಲ್ಲಿ ಹೂತು, ಮೇಲೆ ಕಾಂಕ್ರೀಟ್ ಸುರಿಸಿದರು. ಅದೇ ವರ್ಷ ಆ ಕಾಂಕ್ರೀಟನ್ನೂ ಒಡೆದು ಅವನನ್ನು ಹೊರತೆಗೆಯಲಾಯಿತು, ಇನ್ನೊಮ್ಮೆ ಹೂಳುವುದಕ್ಕೆ.